ಹೆದರಿಕೆಗೊಂದು ಗೂಟ

ತಮ್ಮಾ,

ಮೊನ್ನೆ ಸಂಜೆ ನೀನೂ ನಿನ್ನ ಗೆಳೆಯರೂ ನಮ್ಮ ಕಟ್ಟೆಗೆ ಬಂದು ಹಾಳೆ ಚಾಚಿದಾಗ ನಾನು ಸಹಿ ಹಾಕಲಿಲ್ಲ. ನಿನ್ನ ಮುಖ ಸಪ್ಪಗಾದದ್ದು ಕಂಡಿತು. ಊರೊಳಗೆ ಹೊಸ ಟವರ್ ಬೇಡ, ಕ್ಯಾನ್ಸರ್ ಬರುತ್ತದೆ, ಅನುಮತಿ ಕೊಡಬೇಡಿ ಎಂದು ಪಂಚಾಯ್ತಿಗೆ ಬರೆದ ಅರ್ಜಿ. ಇಪ್ಪತ್ತೆಂಟು ಸಹಿ ಬಿದ್ದಿದ್ದವು, ಇಪ್ಪತ್ತೊಂಬತ್ತನೆಯದು ನನ್ನದಾಗಬೇಕಿತ್ತು. ‘ಅಜ್ಜ ಟೆಲಿಫೋನ್ ಇಲಾಖೇಲಿ ಇದ್ದೋರು, ಟವರ್ ಕಡೀಗೇ ಮಾತಾಡ್ತಾರೆ ಬಿಡ್ರೋ’ ಅಂತ ನಿನ್ನ ಜೊತೆಯವನೊಬ್ಬ ಗೇಟಿನ ಹತ್ತಿರ ಅಂದದ್ದೂ ನನಗೆ ಕೇಳಿಸಿತು. ಈ ವಯಸ್ಸಿಗೂ ಕಿವಿ ಚುರುಕಾಗಿದೆ. ಆ ಕಿವಿಯ ಮಾತಿಗೆ ಆಮೇಲೆ ಬರುತ್ತೇನೆ.

ನಿನ್ನ ಬಲಗೈಯಲ್ಲಿ ಅರ್ಜಿಯಿತ್ತು, ಎಡಗೈಯಲ್ಲಿ ಫೋನಿತ್ತು. ನಾನು ಕನ್ನಡಕ ಹುಡುಕುವಷ್ಟರಲ್ಲಿ ಅದು ಎರಡು ಸಲ ಬಡಿದುಕೊಂಡಿತು. ‘ಥೂ, ಈ ಮನೇಲಿ ಸಿಗ್ನಲ್ಲೇ ಸಿಗಲ್ಲ’ ಎಂದು ಬೈದುಕೊಳ್ಳುತ್ತ ಅಂಗಳದ ತುದಿಗೆ ಹೋಗಿ, ತೆಂಗಿನ ಮರದ ಬುಡದಲ್ಲಿ ನಿಂತು ಮಾತಾಡಿ ಬಂದೆ. ನಗು ಬಂತು, ತಡೆದುಕೊಂಡೆ. ಹುಡುಗರ ಮುಂದೆ ಹುಡುಗನನ್ನು ಆಡಿಕೊಳ್ಳಬಾರದು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ಇಲಾಖೆಯ ಅನ್ನ ತಿಂದವನು ನಾನು ಎನ್ನುವುದು ನಿಜ. ಚನ್ನಗಿರಿ ಭಾಗದಲ್ಲಿ ಲೈನ್‌ಮನ್ ಆಗಿ ಕಂಬ ಹತ್ತಿದವನು. ಹ್ಯಾಂಡಲ್ ತಿರುಗಿಸುವ ಮ್ಯಾಗ್ನೆಟೊ ಫೋನಿನ ಕಾಲ ಅದು. ದೂರದ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಬೆಂಚಿನ ಮೇಲೆ ಕಾಯಬೇಕು. ಮಳೆಗಾಲದಲ್ಲಿ ಒದ್ದೆ ಕೈಯಲ್ಲಿ ತಂತಿಗೆ ಜಾಯಿಂಟ್ ಹಾಕುತ್ತಿದ್ದಾಗ ಆ ಕಡೆಯಿಂದ ಯಾರಾದರೂ ರಿಂಗ್ ಕೊಟ್ಟರೆ 75 ವೋಲ್ಟು ಮೊಣಕೈವರೆಗೂ ಜುಂ ಎನ್ನುತ್ತಿತ್ತು. ಫೋನಿನಿಂದ ನನ್ನ ಮೈಗೆ ತಾಗಿದ ಮೊದಲ ಅಪಾಯ ಅದು. 1995ರ ಜುಲೈ 31ರಂದು ಜ್ಯೋತಿ ಬಸು ಅವರು ಕೋಲ್ಕತ್ತದಿಂದ ದೆಹಲಿಯ ಸಚಿವ ಸುಖರಾಂ ಅವರಿಗೆ ಮೊಬೈಲಿನಲ್ಲಿ ಮಾತಾಡಿದರು ಎಂಬ ಸುದ್ದಿ ಬಂದಾಗ ಇದು ಶ್ರೀಮಂತರ ಆಟಿಕೆ, ನಮ್ಮ ಕಂಬಕ್ಕೇನೂ ಆಗುವುದಿಲ್ಲ ಎಂದುಕೊಂಡೆವು. ನಾನು ನಿವೃತ್ತನಾಗುವ ಹೊತ್ತಿಗೆ ನಾನೇ ನೆಟ್ಟ ಕಂಬಗಳನ್ನು ಜನ ಕಿತ್ತು ಕೊಟ್ಟಿಗೆಗೆ ಹಾಕಿಕೊಂಡಿದ್ದರು.

ಅಂದಮೇಲೆ ಮೊಬೈಲಿನ ಮೇಲೆ ನನಗೆ ಪ್ರೀತಿ ಉಕ್ಕಬೇಕಾದ ಕಾರಣವೇನೂ ಇಲ್ಲ. ಆದರೂ ನಿನ್ನ ಅರ್ಜಿಗೆ ಸಹಿ ಹಾಕಲಾಗಲಿಲ್ಲ. ಯಾಕೆ ಅಂತ ಹೇಳುತ್ತೇನೆ, ಕೇಳು.

ರೇಡಿಯೇಷನ್ ಎಂಬ ಒಂದೇ ಮಾತನ್ನು ಎಕ್ಸ್‌ರೇಗೂ ಟವರಿಗೂ ಅಂಟಿಸಿದ್ದೇ ಅರ್ಧ ಗಲಿಬಿಲಿಗೆ ಕಾರಣ. ನೀನು ಅಡಿಕೆ ತೋಟದ ಹುಡುಗ, ನಿನ್ನ ತೋಟದಲ್ಲೇ ತೋರಿಸುತ್ತೇನೆ. ಮರದ ಬುಡದಲ್ಲಿ ಸಾವಿರ ಜನ ನಿಂತು ಒಟ್ಟಿಗೆ ಬಾಯಿಂದ ಊದಿದರೂ ಗೊನೆ ಬೀಳುವುದಿಲ್ಲ. ದೋಟಿಯ ತುದಿಯ ಕತ್ತಿ ಒಂದು ತಾಗಿದರೆ ಸಾಕು, ಬೀಳುತ್ತದೆ. ಎಕ್ಸ್‌ರೇ, ಅಣುಸ್ಥಾವರದ ವಿಕಿರಣ ಇವು ಆ ಕತ್ತಿಯ ಜಾತಿ. ಜೀವಕೋಶದ ಒಳಗಿನ ಅಣುಗಳ ಕಟ್ಟನ್ನೇ ಕತ್ತರಿಸುವ ಕಸುವು ಅವುಗಳ ಒಂದೊಂದು ಕಣಕ್ಕೂ ಇದೆ. ಫೋನಿನ, ಟವರಿನ, ರೇಡಿಯೊದ ತರಂಗಗಳು ಊದುವ ಜಾತಿ. ಎಷ್ಟು ಮಂದಿ ಊದಿದರೂ ಅದು ಗಾಳಿಯೇ. ಜೋರಾಗಿ ಊದಿದರೆ ಬಿಸಿ ತಗಲುತ್ತದೆ, ಆ ಬಿಸಿಗೇ ಮಿತಿ ಹಾಕಿರುವುದು. ನಮ್ಮ ದೇಶದಲ್ಲಿ 2012ರ ಸೆಪ್ಟೆಂಬರ್ 1ರಿಂದ ಫೋನೊಂದು ತಲೆಗೆ ಕೊಡಬಹುದಾದ ಶಾಖದ ಮಿತಿ ಕಿಲೋ ಮಾಂಸಕ್ಕೆ 1.6 ವಾಟ್, ಅದೂ ಒಂದೇ ಒಂದು ಗ್ರಾಂ ಮಾಂಸದ ಸರಾಸರಿಯಲ್ಲಿ ಅಳೆದು. ಅದೇ ದಿನದಿಂದ ಟವರಿನ ಮಿತಿಯನ್ನೂ ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿದರು. ನಿನ್ನ ಫೋನಿನ ಅಂಕಿ ಬೇಕಿದ್ದರೆ ಸ್ಟಾರ್, ಹ್ಯಾಷ್, ಸೊನ್ನೆ, ಏಳು, ಹ್ಯಾಷ್ ಒತ್ತಿ ನೋಡು, ಎಷ್ಟೋ ಫೋನುಗಳಲ್ಲಿ ಪರದೆಯ ಮೇಲೆ ಬರುತ್ತದೆ.

ಇನ್ನು ದೂರದ ಲೆಕ್ಕ. ತರಂಗದ ಬಲ ದೂರ ಎರಡು ಪಟ್ಟಾದರೆ ನಾಲ್ಕನೇ ಒಂದಾಗುತ್ತದೆ, ಮೂರು ಪಟ್ಟಾದರೆ ಒಂಬತ್ತನೇ ಒಂದು. ಟವರ್ ಮೂವತ್ತು ನಲವತ್ತು ಮೀಟರ್ ಎತ್ತರದಲ್ಲಿ ಕೂತು ತನ್ನ ತರಂಗವನ್ನು ಹೆಚ್ಚುಕಡಿಮೆ ಅಡ್ಡಡ್ಡಲಾಗಿ ದೂರಕ್ಕೆ ಎಸೆಯುತ್ತದೆ. ದೀಪದ ಬುಡದಲ್ಲಿ ಕತ್ತಲು ಎನ್ನುತ್ತೇವಲ್ಲ, ಹಾಗೆ ಅದರ ಕಾಲಡಿಗೆ ಬೀಳುವುದು ಕಡಿಮೆ. ಫೋನಾದರೋ ನಿನ್ನ ಕಿವಿಗೆ ಅಂಟಿಕೊಂಡಿದೆ. ಟವರಿನದು ಹತ್ತಾರು ವಾಟ್ ಇರಬಹುದು, ಫೋನಿನದು ಕಾಲು ವಾಟ್ ಇರಬಹುದು, ಆದರೂ ತಲೆಗೆ ತಾಗುವ ಲೆಕ್ಕದಲ್ಲಿ ಹತ್ತಿರದ್ದೇ ದೊಡ್ಡದು.

ಇಲ್ಲೊಂದು ತಮಾಷೆಯಿದೆ. ಸಂತೆಬೆನ್ನೂರಿನ ಸಂತೆಯಲ್ಲಿ ಪಕ್ಕದಲ್ಲೇ ನಿಂತವನ ಜೊತೆ ನೀನು ಮೆಲ್ಲಗೆ ಮಾತಾಡುತ್ತೀಯ. ಅವನು ಆ ಸಾಲಿನ ಕೊನೆಗೆ ಹೋದರೆ ಗಂಟಲು ಹರಿಯುವಂತೆ ಕೂಗುತ್ತೀಯ. ಫೋನೂ ಹಾಗೆಯೇ. ಟವರ್ ಹತ್ತಿರವಿದ್ದರೆ ಪಿಸುಗುಡುತ್ತದೆ, ದೂರವಿದ್ದರೆ ತನ್ನ ಪೂರ್ತಿ ಬಲ ಹಾಕಿ ಅರಚುತ್ತದೆ. ಆ ಅರಚಾಟ ನಡೆಯುವುದು ನಿನ್ನ ಕೆನ್ನೆಯ ಪಕ್ಕದಲ್ಲಿ. ಬ್ಯಾಟರಿ ಬೇಗ ಇಳಿಯುವುದು, ಫೋನು ಬಿಸಿಯಾಗುವುದು ಅದರ ಗುರುತು. ಮೊನ್ನೆ ನಮ್ಮ ತೆಂಗಿನ ಬುಡದಲ್ಲಿ ಒಂದೇ ಕಡ್ಡಿ ಸಿಗ್ನಲ್ಲಿನಲ್ಲಿ ಹತ್ತು ನಿಮಿಷ ಮಾತಾಡಿದೆಯಲ್ಲ, ತರಂಗಕ್ಕೆ ಹೆದರುವವನು ಮಾಡಬಾರದ್ದು ಯಾವುದಾದರೂ ಇದ್ದರೆ ಅದೇ. ಊರಿನ ಟವರ್ ದೂರ ಹೋದರೆ ಊರಿನ ಅಷ್ಟೂ ಫೋನುಗಳು ಅರಚಲು ಶುರುಮಾಡುತ್ತವೆ. ಜೊತೆಗೆ, ತೋಟದಲ್ಲಿ ಯಾರಿಗಾದರೂ ಹಾವು ಕಚ್ಚಿದರೆ 108ಕ್ಕೆ ಕರೆ ಹೋಗುವುದು ಆ ಕಡ್ಡಿಗಳ ಮೇಲೆಯೇ.

‘ಹಾಗಾದ್ರೆ ಡಬ್ಲ್ಯುಎಚ್‌ಓ ಹೇಳಿದ್ದು ಸುಳ್ಳಾ ಅಜ್ಜಾ?’ ಎಂದು ನೀನು ಕೇಳಿದ್ದೆ. ಸುಳ್ಳಲ್ಲ. ಅದನ್ನು ಪೂರ್ತಿ ಓದಬೇಕು ಅಷ್ಟೆ. ಫ್ರಾನ್ಸಿನ ಲಿಯಾನ್ ಊರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಕೇಂದ್ರವಿದೆ. 2011ರ ಮೇ 31ರಂದು ಅದು ಮೊಬೈಲಿನ ತರಂಗಗಳನ್ನು 2ಬಿ ಎಂಬ ಗುಂಪಿಗೆ ಹಾಕಿತು. ‘ಕ್ಯಾನ್ಸರ್ ತರುವ ಸಾಧ್ಯತೆ ಇದ್ದೀತು’ ಎಂಬ ಗುಂಪು ಅದು. ನಂಬುವಷ್ಟು ಪುರಾವೆ ಇಲ್ಲ, ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ ಎನ್ನುವಂಥವು ಅಲ್ಲಿ ಕೂತಿರುತ್ತವೆ. ಪೂರ್ವ ಏಷ್ಯಾದವರ ತರಕಾರಿ ಉಪ್ಪಿನಕಾಯಿಯೂ ಅಲ್ಲೇ ಇದೆ, ಲೋಳೆಸರದ ಇಡೀ ಎಲೆಯ ಸಾರವೂ ಅಲ್ಲೇ ಇದೆ. ಅದರ ಮೇಲಿನ ಮೆಟ್ಟಿಲು 2ಎ. ಸೌದೆ ಒಲೆಯ ಹೊಗೆ ಮನೆಯೊಳಗೆ ತುಂಬಿಕೊಳ್ಳುವುದು ಆ ಮೆಟ್ಟಿಲಲ್ಲಿದೆ. ನಿನ್ನ ಅಜ್ಜಿ ನಲವತ್ತು ವರ್ಷ ಕಣ್ಣುಜ್ಜಿಕೊಂಡು ಊದಿದ ಒಲೆ ಫೋನಿಗಿಂತ ಒಂದು ಮೆಟ್ಟಿಲು ಮೇಲೆ. ಅದಕ್ಕೆ ಯಾರೂ ಅರ್ಜಿ ಬರೆಯಲಿಲ್ಲ.

ಎಲ್ಲಕ್ಕೂ ಮೇಲಿನದು ಒಂದನೇ ಗುಂಪು, ಖಚಿತವಾಗಿ ಕ್ಯಾನ್ಸರ್ ತರುವಂಥವು. ಅಲ್ಲಿ ತಂಬಾಕಿದೆ. ಈಗ ಹೇಳುವ ಮಾತನ್ನು ನಮ್ಮ ಊರಿನಲ್ಲಿ ಕೂತು ಬರೆಯುವುದು ನನಗೂ ಕಷ್ಟ: ಅಲ್ಲಿ ಅಡಿಕೆಯೂ ಇದೆ. 2004ರಲ್ಲಿ ಅಚ್ಚಾದ ಅದೇ ಕೇಂದ್ರದ ಸಂಪುಟದಲ್ಲಿ ಬರೀ ಅಡಿಕೆಯನ್ನೇ ಆ ಗುಂಪಿಗೆ ಸೇರಿಸಿದ್ದಾರೆ.

ಕೋಪ ಮಾಡಿಕೊಳ್ಳಬೇಡ. ನನಗೂ ಅಡಿಕೆ ತೋಟವಿದೆ. ರಾಶಿ ಅಡಿಕೆಯ ರೇಟು ಬಿದ್ದ ದಿನ ನನ್ನ ಮನೆಯಲ್ಲೂ ಊಟ ಸೇರುವುದಿಲ್ಲ. ನಮ್ಮ ಬೆಳೆಗಾರರು ಇದನ್ನು ಒಪ್ಪುವುದಿಲ್ಲ ಎನ್ನುವುದೂ ಗೊತ್ತು. ವೀಳ್ಯದೆಲೆಯ ಜೊತೆ ಹಿರಿಯರು ಹಾಕಿಕೊಂಡ ಅಡಿಕೆ ಬೇರೆ, ಗುಟ್ಕಾ ಕಂಪನಿಯವರು ಏನೇನೋ ಬೆರೆಸಿದ್ದು ಬೇರೆ ಎನ್ನುತ್ತಾರೆ. ಆ ವಾದ ನಡೆಯಲಿ. ಆದರೆ ನನ್ನ ಅಣ್ಣನನ್ನು ನೀನು ನೋಡಿಲ್ಲ. ಖೇಣಿ ವ್ಯಾಪಾರ ಮಾಡುತ್ತಿದ್ದ, ಗಟ್ಟಿ ಆಳು. ಬೆಳಗ್ಗೆ ಕಣ್ಣು ಬಿಟ್ಟಾಗಿನಿಂದ ಕೆನ್ನೆಯೊಳಗೆ ಅಡಿಕೆ, ಹೊಗೆಸೊಪ್ಪು, ಸುಣ್ಣ. ಮೊದಲು ಖಾರ ಉರಿಯುತ್ತದೆ ಎಂದ. ಆಮೇಲೆ ಬಾಯಿ ಎರಡು ಬೆರಳಷ್ಟೂ ತೆರೆಯದಾಯಿತು, ಮುದ್ದೆಯ ತುತ್ತು ಒಳಗೆ ಹೋಗದಾಯಿತು. ಒಳಗೆ ಬಿಳಿ ಮಚ್ಚೆ, ಕೊನೆಗೆ ಹುಣ್ಣು. ಆಪರೇಷನ್ನಿಗೆಂದು ಕರೆದುಕೊಂಡು ಹೋದಾಗ ಅವನ ಪಕ್ಕದ ಹಾಸಿಗೆಗಳಲ್ಲಿದ್ದವರನ್ನು ನಾನು ಒಬ್ಬೊಬ್ಬರನ್ನಾಗಿ ಮಾತಾಡಿಸಿದೆ. ಎಲ್ಲರ ಕಥೆಯೂ ಕೆನ್ನೆಯಲ್ಲಿಟ್ಟ ಅಡಿಕೆ, ಹೊಗೆಸೊಪ್ಪಿನದೇ. ಅಣ್ಣ ಒಂದು ದಿನವೂ ಮೊಬೈಲ್ ಹಿಡಿದವನಲ್ಲ.

ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರ ಮೇ ಕೊನೆಯಲ್ಲಿ. ಆಮೇಲೆ ಪಾನ್ ಮಸಾಲ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ. ಎರಡನ್ನೂ ಹರಿದು ಅಂಗೈಯಲ್ಲಿ ಕಲಸಿದರೆ ನಿಷೇಧ ಅಲ್ಲಿಗೆ ಮುಗಿಯಿತು. ಮೊನ್ನೆ ಅರ್ಜಿ ತಂದ ನಾಲ್ವರಲ್ಲಿ ಇಬ್ಬರ ಹಲ್ಲು ನಾನು ನೋಡಿದೆ. ಇಬ್ಬರು ಅಂದದ್ದು ಮರ್ಯಾದೆಗೆ. ನೀನು ಆ ಲೆಕ್ಕದಲ್ಲಿ ಇಲ್ಲ ಎಂದು ನಂಬಿದ್ದೇನೆ. ಲಿಯಾನಿನವರ ಪಟ್ಟಿಯನ್ನು ಟವರಿಗೆ ತೋರಿಸುವ ಹುಡುಗ ಅದೇ ಪಟ್ಟಿಯ ಮೊದಲ ಪುಟವನ್ನು ಮಡಚಿ ಜೇಬಿಗೆ ಇಟ್ಟುಕೊಂಡರೆ ಹೇಗೆ?

2011ರಿಂದ ಈಚೆಗೆ ಏನಾಯಿತು ಎನ್ನುವುದನ್ನೂ ಹೇಳಬೇಕು. ಅದಕ್ಕೂ ಹಿಂದಿನ ವರ್ಷ 13 ದೇಶಗಳ ದೊಡ್ಡ ಅಧ್ಯಯನವೊಂದು ಹೊರಬಂದಿತ್ತು. ಒಟ್ಟಿನಲ್ಲಿ ಮಿದುಳಿನ ಗಡ್ಡೆ ಹೆಚ್ಚಿದ್ದು ಅದರಲ್ಲಿ ಕಾಣಲಿಲ್ಲ. ತೀರಾ ಹೆಚ್ಚು ಮಾತಾಡಿದವರ ಗುಂಪಿನಲ್ಲಿ ಮಾತ್ರ ಒಂದು ಅನುಮಾನದ ಎಳೆ ಉಳಿಯಿತು. ಆದರೆ ಹತ್ತು ವರ್ಷದ ಹಿಂದೆ ದಿನಕ್ಕೆ ಎಷ್ಟು ಹೊತ್ತು ಮಾತಾಡಿದೆ, ಯಾವ ಕಿವಿಗೆ ಹಿಡಿದಿದ್ದೆ ಎಂದು ಕಾಯಿಲೆಯವರನ್ನು ಕೇಳಿ ಬರೆದುಕೊಂಡ ಲೆಕ್ಕ ಅದು. ನನಗೆ ಮೊನ್ನೆಯದೇ ನೆನಪಿಲ್ಲ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳಿ ಮಾಡಿಸಿದ ಪರಿಶೀಲನೆಯಲ್ಲಿ 22 ದೇಶಗಳ 63 ಅಧ್ಯಯನಗಳನ್ನು ಜರಡಿ ಹಿಡಿದರು. ಹತ್ತು ವರ್ಷ ಮೀರಿ ಬಳಸಿದವರಲ್ಲೂ ಮಿದುಳಿನ ಕ್ಯಾನ್ಸರಿಗೂ ಫೋನಿಗೂ ನಂಟು ಕಾಣಲಿಲ್ಲ. ಅಷ್ಟಾಗಿಯೂ ಎಚ್ಚರ ಬೇಕೆನ್ನುವವನಿಗೆ ಎಚ್ಚರ ಸುಲಭವಾಗಿದೆ. ಸ್ಪೀಕರಿನಲ್ಲಿ ಮಾತಾಡು, ಒಂದು ಕಡ್ಡಿ ಸಿಗ್ನಲ್ಲಿನಲ್ಲಿ ಹರಟಬೇಡ, ಎಳೆಮಗುವಿನ ಕಿವಿಗೆ ಫೋನು ಹಿಡಿದು ‘ಮಾಮ ಅನ್ನು’ ಎಂದು ಆಡಿಸಬೇಡ. ನಾನೂ ಇಷ್ಟನ್ನು ಮಾಡುತ್ತೇನೆ.

ಹೆದರಿಕೆ ಇರುವ ಕಡೆ ಅಂಗಡಿಯೂ ಇರುತ್ತದೆ. ಫೋನಿನ ಬೆನ್ನಿಗೆ ಅಂಟಿಸಿದರೆ ರೇಡಿಯೇಷನ್ ಹೀರಿಕೊಳ್ಳುತ್ತದೆ ಎನ್ನುವ ಸ್ಟಿಕ್ಕರ್ ಮಾರುತ್ತಾರಲ್ಲ, ಅದು ನಿಜವಾಗಿ ತರಂಗ ತಡೆದರೆ ಫೋನು ಇನ್ನೂ ಜೋರಾಗಿ ಅರಚುತ್ತದೆ, ತಡೆಯದಿದ್ದರೆ ದುಡ್ಡು ದಂಡ. 2020ರ ಅಕ್ಟೋಬರಿನಲ್ಲಿ ರಾಷ್ಟ್ರೀಯ ಕಾಮಧೇನು ಆಯೋಗದವರು ರೇಡಿಯೇಷನ್ ತಗ್ಗಿಸುತ್ತದೆ ಎಂದು ಸಗಣಿಯಿಂದ ಮಾಡಿದ ಚಿಪ್ ಒಂದನ್ನು ತೋರಿಸಿದಾಗ ನೂರಾರು ವಿಜ್ಞಾನಿಗಳು ಪುರಾವೆ ಎಲ್ಲಿ ಎಂದು ಕೇಳಿದ್ದರು. ಸಗಣಿಯ ಮೇಲೆ ನನಗೆ ಗೌರವವಿದೆ, ತೋಟ ನಿಂತಿರುವುದೇ ಅದರ ಮೇಲೆ. ಅದನ್ನು ಗಿಡದ ಬುಡಕ್ಕೆ ಹಾಕೋಣ.

ಈಗ ನಾನು ಹೆದರುವ ಸಂಗತಿಗಳಿಗೆ ಬರುತ್ತೇನೆ. ಮೊದಲು ನನ್ನ ತಪ್ಪನ್ನೇ ಹೇಳಿಬಿಡುತ್ತೇನೆ, ಆಮೇಲೆ ನಿನ್ನದು.

ಎಂಟು ವರ್ಷದ ಹಿಂದೆ ಒಂದು ಮಧ್ಯಾಹ್ನ ನಾಲೆಯ ಏರಿಯ ಮೇಲೆ ಮೊಪೆಡ್ಡಿನಲ್ಲಿ ಹೋಗುತ್ತಿದ್ದೆ. ಫೋನನ್ನು ಬಲ ಹೆಗಲಿಗೂ ಕೆನ್ನೆಗೂ ನಡುವೆ ಸಿಕ್ಕಿಸಿಕೊಂಡಿದ್ದೆ. ಅಡಿಕೆ ರೇಟು ವಿಚಾರಿಸುತ್ತಿದ್ದೆ. ಕತ್ತು ಬಲಕ್ಕೆ ವಾಲಿದವನಿಗೆ ಎಡಗಡೆಯಿಂದ ಏರಿ ಹತ್ತುತ್ತಿದ್ದ ಎಮ್ಮೆ ಕಾಣಲಿಲ್ಲ. ಕಣ್ಣು ಬಿಟ್ಟಾಗ ಗದ್ದೆಯಲ್ಲಿದ್ದೆ, ಕೊರಳ ಮೂಳೆ ಮುರಿದಿತ್ತು. ಫೋನು ಕೆಸರಿನಲ್ಲಿ ಬಿದ್ದುಕೊಂಡೇ ಕ್ವಿಂಟಲಿಗೆ ಇಷ್ಟು, ಇಂಥ ಮಾಲಿಗೆ ಇಷ್ಟು ಎಂದು ಹೇಳುತ್ತಲೇ ಇತ್ತು. ಮೂವತ್ತು ವರ್ಷ ಕಂಬ ಹತ್ತಿ ಇಳಿದವನು ಒಂದು ದಿನವೂ ಬಿದ್ದಿರಲಿಲ್ಲ. ಎಮ್ಮೆಗೆ ಏನೂ ಆಗಲಿಲ್ಲ, ಅದಷ್ಟೇ ಸಮಾಧಾನ.

ನೀವು ಕತ್ತು ವಾಲಿಸುವುದಿಲ್ಲ, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲೆ ಇಟ್ಟುಕೊಂಡು ಸೂಳೆಕೆರೆ ಕಡೆ ಹೋಗುತ್ತೀರಿ. ಹಿಂದೆ ಭತ್ತದ ಲಾರಿ ಹಾರನ್ ಹೊಡೆಯುತ್ತಿದ್ದರೂ ನಿಮ್ಮ ಕಿವಿಯಲ್ಲಿ ಹಾಡು. ಫೋನು ಕೈಯಲ್ಲಿ ಹಿಡಿಯದೆ ಮಾತಾಡಿದರೆ ಅಪಾಯವಿಲ್ಲ ಎಂದುಕೊಳ್ಳಬೇಡ. ಕೈ ಹ್ಯಾಂಡಲಿನ ಮೇಲೆಯೇ ಇರುತ್ತದೆ, ಗಮನ ಬೇರೆ ಊರಿಗೆ ಹೋಗಿರುತ್ತದೆ. ಇನ್ನು ಕೆರೆಯ ದಂಡೆಗೆ ಹೋದ ಮೇಲೆ ಬೆನ್ನು ನೀರಿಗೆ, ಮುಖ ಫೋನಿಗೆ. ಸೆಲ್ಫಿ ತೆಗೆಯುವಾಗಿನ ಸಾವುಗಳ ಸುದ್ದಿಗಳನ್ನು ಜಗತ್ತಿನ ಎಲ್ಲ ಕಡೆಯಿಂದ ಒಟ್ಟುಮಾಡಿ ದೆಹಲಿಯ ಏಮ್ಸ್ ವೈದ್ಯರು 2018ರಲ್ಲಿ ಲೆಕ್ಕ ಕೊಟ್ಟಿದ್ದರು. 2011ರಿಂದ 2017ರವರೆಗೆ 259 ಸಾವು, ಅರ್ಧಕ್ಕೂ ಹೆಚ್ಚು ನಮ್ಮ ದೇಶದ್ದೇ, ಮತ್ತು ಎಲ್ಲಕ್ಕಿಂತ ದೊಡ್ಡ ಕಾರಣ ನೀರಿನಲ್ಲಿ ಮುಳುಗಿದ್ದು. ನಮ್ಮ ಊರಿನ ಹೆಸರೇ ಕೆರೆಯಿಂದ ಶುರುವಾಗುತ್ತದೆ. ಆ ಏರಿಯ ಕಲ್ಲು ಎಷ್ಟು ಜಾರುತ್ತದೆ ಎಂದು ನಿನಗೆ ಹೇಳಿಕೊಡಬೇಕಾಗಿಲ್ಲ.

ಕಿವಿಯ ಮಾತು ಬಾಕಿಯಿತ್ತಲ್ಲ. ಅಡಿಕೆ ಸುಲಿಯುವ ಯಂತ್ರದ ಪಕ್ಕದಲ್ಲಿ, ಟ್ರ್ಯಾಕ್ಟರಿನ ಮೇಲೆ ಕೂತು ಹಾಡು ಕೇಳುವಾಗ ಯಂತ್ರದ ಸದ್ದನ್ನು ಮೀರಲು ನೀನು ಸದ್ದು ಏರಿಸುತ್ತೀಯ. ವಾರಕ್ಕೆ 40 ಗಂಟೆ ಕೇಳಬಹುದಾದ ಸದ್ದು 80 ಡೆಸಿಬಲ್ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಅದನ್ನು 90ಕ್ಕೆ ಏರಿಸಿದರೆ ವಾರಕ್ಕೆ ನಾಲ್ಕೇ ಗಂಟೆ. ಒಳಗಿವಿಯ ಕೂದಲಿನಂಥ ಕೋಶಗಳು ಒಮ್ಮೆ ಸತ್ತರೆ ಮತ್ತೆ ಚಿಗುರುವುದಿಲ್ಲ. ಅಡಿಕೆ ಸಸಿಯಾದರೂ ಸತ್ತ ಜಾಗದಲ್ಲಿ ಇನ್ನೊಂದು ನೆಡಬಹುದು. ನಿನ್ನ ಗೆಳೆಯ ಗೇಟಿನ ಹತ್ತಿರ ಆಡಿದ ಮಾತು ನನಗೆ ಕೇಳಿಸಿದಂತೆ, ನೀನು ಅಜ್ಜನಾದಾಗ ನಿನ್ನ ಬೆನ್ನಹಿಂದಿನ ಮಾತು ನಿನಗೂ ಕೇಳಿಸಬೇಕಲ್ಲ!

ಕತ್ತಿನ ಬಗ್ಗೆ ನ್ಯೂಯಾರ್ಕಿನ ಬೆನ್ನುಮೂಳೆ ವೈದ್ಯರೊಬ್ಬರು 2014ರಲ್ಲಿ ಗಣಿತ ಹಾಕಿದ್ದರು. ನೆಟ್ಟಗೆ ಕೂತವನ ತಲೆಯ ಭಾರ ಐದು ಕಿಲೋ ಆಸುಪಾಸು, ಪೂರ್ತಿ ಬಗ್ಗಿಸಿ ಫೋನು ನೋಡುವವನ ಕತ್ತಿಗೆ ಬೀಳುವುದು 27 ಕಿಲೋದಷ್ಟು. ಅರ್ಧ ಚೀಲ ಸಿಮೆಂಟಿಗಿಂತ ಹೆಚ್ಚು. ಇದು ಲೆಕ್ಕದಲ್ಲಿ ಬಂದ ಅಂಕಿ, ತಕ್ಕಡಿಯಲ್ಲಿ ತೂಗಿದ್ದಲ್ಲ. ಆದರೂ ಫೋನನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನೋಡು, ನಿನ್ನ ಕತ್ತೇ ಉತ್ತರ ಹೇಳುತ್ತದೆ. ಕಣ್ಣಿನದೂ ಅಷ್ಟೇ. ಪರದೆ ನೋಡುವಾಗ ರೆಪ್ಪೆ ಬಡಿಯುವುದು ಅರ್ಧಕ್ಕಿಂತ ಕಡಿಮೆಯಾಗುತ್ತದೆ, ಕಣ್ಣು ಒಣಗಿ ಉರಿಯುತ್ತದೆ. ಮಕ್ಕಳಿಗೆ ಕನ್ನಡಕ ಬೇಗ ಬರುವುದಕ್ಕೆ ಹತ್ತಿರದ್ದನ್ನೇ ನೋಡುವುದು ಒಂದು ಕಾರಣ, ಹಗಲಿನ ಬೆಳಕಿನಲ್ಲಿ ಬಯಲಲ್ಲಿ ಆಡದಿರುವುದು ಇನ್ನೊಂದು. ನಿನ್ನ ತಂಗಿಯ ಮಗ ಫೋನು ಕೊಡದಿದ್ದರೆ ಬಾಯಿ ತೆರೆಯುವುದಿಲ್ಲ ಎಂದು ನಿನ್ನ ಅಮ್ಮ ಹೇಳುತ್ತಿದ್ದರು. ಒಂದು ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆಯವರು 2019ರಿಂದಲೂ ಹೇಳುತ್ತಿದ್ದಾರೆ. ಅಂಗಳದಲ್ಲಿ ಕೋಳಿ ತೋರಿಸಿ ಉಣ್ಣಿಸಿದ ಕೈಗಳು ನಮ್ಮ ಮನೆಗಳಲ್ಲಿ ಇನ್ನೂ ಇವೆ, ಕೋಳಿಯೂ ಇದೆ.

ನನಗೆ ಎಲ್ಲಕ್ಕಿಂತ ಹೆಚ್ಚು ಹೆದರಿಕೆ ರಾತ್ರಿಯದು. ನನಗೆ ನಿದ್ದೆ ಕಡಿಮೆ, ಒಂದು ಗಂಟೆಗೋ ಎರಡಕ್ಕೋ ಎದ್ದು ಅಂಗಳಕ್ಕೆ ಬರುತ್ತೇನೆ. ಮೊದಲೆಲ್ಲ ಆ ಹೊತ್ತಿಗೆ ಊರು ಕಪ್ಪಗೆ ಇರುತ್ತಿತ್ತು. ಸುಗ್ಗಿಯಲ್ಲಿ ಅಡಿಕೆ ಬೇಯಿಸುವ ಮನೆಗಳ ಬೆಂಕಿ ಬಿಟ್ಟರೆ ಬೆಳಕಿಲ್ಲ. ಈಗ ಕಿಟಕಿ ಕಿಟಕಿಯಲ್ಲೂ ನೀಲಿ ಬೆಳಕು. ನಿನ್ನ ಕಿಟಕಿಯಲ್ಲೂ ಕಂಡಿದ್ದೇನೆ. ನೀಲಿ ಬೆಳಕೇ ನಿದ್ದೆ ಕೆಡಿಸುತ್ತದೆ ಎನ್ನುತ್ತಾರೆ. ಬೆಳಕಿಗಿಂತ ಅದರೊಳಗಿನ ಆಸೆಯೇ ದೊಡ್ಡದು ಎಂದು ನನ್ನ ಅನಿಸಿಕೆ, ಇನ್ನೊಂದು ನೋಡೋಣ ಎಂಬ ಆಸೆ. ಬೆಳಗ್ಗೆ ಐದಕ್ಕೆ ನೀರು ಬಿಡಲು ಏಳಬೇಕಾದ ಹುಡುಗ ಎರಡಕ್ಕೆ ಮಲಗಿದರೆ ಮೋಟಾರಿನ ಸ್ವಿಚ್ಚಿಗೆ ಒದ್ದೆ ಕೈ ಹಾಕುವಾಗ ಎಚ್ಚರ ಎಲ್ಲಿಂದ ಬರಬೇಕು? ಫೋನಿನಲ್ಲಿ ಆಡುವ ದುಡ್ಡಿನ ಆಟಗಳ ಕಥೆ ಬೇರೆಯೇ. 2025ರ ಆಗಸ್ಟಿನಲ್ಲಿ ಕೇಂದ್ರದ ಕಾಯ್ದೆ ಬಂದು ಅವನ್ನು ನಿಷೇಧಿಸಿದೆ. ಆದರೆ ಕಾಯ್ದೆ ಬಂದ ದಿನವೇ ಚಟ ಹೋಗುವುದಿಲ್ಲ. ಸಾಲ ಮಾಡಿಕೊಂಡವರು ನಿನಗೆ ಗೊತ್ತಿದ್ದರೆ ಒಂಟಿಯಾಗಿ ಬಿಡಬೇಡ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫೋನಿನ ಚಟಕ್ಕೆಂದೇ 2014ರಿಂದ ಒಂದು ಕ್ಲಿನಿಕ್ ಇದೆ. ಅಷ್ಟು ದೂರ ಹೋಗಲಾಗದವರು 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್‌ನವರು ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಚಟ ಹಿಡಿಸಿದ ಫೋನಿನಲ್ಲೇ ಆ ಸಹಾಯವೂ ಇದೆ.

ಏನು ಮಾಡಬೇಕು ಎಂದು ಕೇಳಿದರೆ ನನ್ನ ಹತ್ತಿರ ಇರುವುದು ಒಂದೇ ಉಪಾಯ, ಅದೂ ದನ ಕಟ್ಟುವವರ ಉಪಾಯ. ದನವನ್ನು ಯಾರೂ ದ್ವೇಷಿಸುವುದಿಲ್ಲ, ಆದರೂ ಗೂಟಕ್ಕೆ ಕಟ್ಟುತ್ತೇವೆ. ಕಟ್ಟದಿದ್ದರೆ ರಾತ್ರಿಯೆಲ್ಲ ಬೆಳೆ ಮೇಯುತ್ತದೆ. ಹಳೆಯ ಫೋನಿಗೆ ತಂತಿಯೇ ಹಗ್ಗವಾಗಿತ್ತು, ಅದು ನಡುಮನೆ ಬಿಟ್ಟು ಬರುತ್ತಿರಲಿಲ್ಲ, ನಾವೇ ಅದರ ಹತ್ತಿರ ಹೋಗುತ್ತಿದ್ದೆವು. ಆ ಫೋನು ಇಡಲು ನಾನೇ ಹೊಡೆದ ಮರದ ಹಲಗೆ ನಮ್ಮ ನಡುಮನೆಯ ಗೋಡೆಯಲ್ಲಿ ಇನ್ನೂ ಇದೆ. ರಾತ್ರಿ ಒಂಬತ್ತಕ್ಕೆ ಮನೆಯ ಮೂರೂ ಫೋನು ಅದರ ಮೇಲೆ ಹೋಗುತ್ತವೆ, ಸದ್ದು ಪೂರ್ತಿ ಏರಿಸಿ, ಚಾರ್ಜಿಗೆ ಹಾಕಿ. ಕರೆ ಬಂದರೆ ಎದ್ದು ಹತ್ತು ಹೆಜ್ಜೆ ನಡೆಯಬೇಕು. ಹತ್ತು ಹೆಜ್ಜೆಗೆ ಬಾಳದ ಕರೆ ಬೆಳಗ್ಗೆವರೆಗೆ ಕಾಯಲಿ. ಮೊದಲ ವಾರ ನನ್ನ ಮಗ ಮುಖ ಊದಿಸಿಕೊಂಡಿದ್ದ. ನಿನ್ನ ಅಜ್ಜಿಯಂತೂ, ಅಂದರೆ ನನ್ನ ಮನೆಯವಳು, ಧಾರಾವಾಹಿಯ ಉಳಿದ ಭಾಗ ನೋಡಲು ಗೋಡೆಯ ಪಕ್ಕದಲ್ಲೇ ನಿಂತುಕೊಳ್ಳುತ್ತಿದ್ದಳು. ಕಾಲು ನೋವು ಬಂದ ಮೇಲೆ ಬಿಟ್ಟಳು.

ಇದನ್ನೇ ಊರಿಗೆ ಊರೇ ಮಾಡಿದವರಿದ್ದಾರೆ. ನಮ್ಮ ಗಡಿಯಾಚೆ ಸಾಂಗ್ಲಿ ಜಿಲ್ಲೆಯ ಮೋಹಿತ್ಯಾಂಚೆ ವಡಗಾಂವ್‌ನಲ್ಲಿ 2022ರಿಂದ ಸಂಜೆ ಏಳಕ್ಕೆ ಸೈರನ್ ಕೂಗುತ್ತದೆ, ಟಿವಿ ಮೊಬೈಲು ಎಲ್ಲ ಬಂದ್. ಎಂಟೂವರೆಗೆ ಮತ್ತೊಮ್ಮೆ ಕೂಗುವವರೆಗೆ ಮಕ್ಕಳು ಪುಸ್ತಕ ಹಿಡಿಯುತ್ತಾರೆ. ಬೆಳಗಾವಿಯ ಹಲಗಾದವರೂ 2024ರ ಕೊನೆಯಲ್ಲಿ ಅಂಥದ್ದೇ ಶುರುಮಾಡಿದರು. ನಮಗೆ ಸೈರನ್ ಕೊಳ್ಳುವ ಖರ್ಚೂ ಇಲ್ಲ. ಸಂಜೆ ಮಗ್ರಿಬ್ ಆಜಾನ್ ಕೇಳುತ್ತದೆ, ಗುಡಿಯಲ್ಲಿ ದೀಪ ಹಚ್ಚಿ ಗಂಟೆ ಹೊಡೆಯುತ್ತಾರೆ. ಆ ಹೊತ್ತಿಗೆ ಫೋನು ಗೂಟಕ್ಕೆ ಎಂದು ನೀವು ಹುಡುಗರು ಮೊಹಲ್ಲಾದವರನ್ನೂ ಕೇರಿಯವರನ್ನೂ ಕೂರಿಸಿ ಮಾತಾಡಿದರೆ ಹಿರಿಯರು ಯಾರೂ ಇಲ್ಲ ಎನ್ನುವುದಿಲ್ಲ. ಹಿರಿಯರೇ ಮೊದಲು ತಪ್ಪುತ್ತಾರೆ, ಅದು ಬೇರೆ ಮಾತು.

ಕೊನೆಗೆ ನಿನ್ನ ಅರ್ಜಿ. ಅದನ್ನು ಹರಿಯಬೇಡ, ತಿದ್ದು. ನೀವೆಲ್ಲ ಟವರಿನ ತುದಿಯನ್ನೇ ನೋಡಿದ್ದೀರಿ, ಬುಡವನ್ನೂ ನೋಡಬೇಕಿತ್ತು. ಕರೆಂಟು ಹೋದಾಗ ಅಲ್ಲಿ ಡೀಸೆಲ್ ಜನರೇಟರ್ ಓಡುತ್ತದೆ. ನಮ್ಮ ಕಡೆ ಕರೆಂಟು ಎಷ್ಟು ಹೊತ್ತು ಇರುತ್ತದೆ ಎಂದು ನಿನಗೆ ಗೊತ್ತು. ಡೀಸೆಲ್ ಹೊಗೆಯನ್ನು ಅದೇ ಲಿಯಾನಿನವರು 2012ರಲ್ಲಿ ಒಂದನೇ ಗುಂಪಿಗೆ ಸೇರಿಸಿದ್ದಾರೆ, ತಂಬಾಕಿನ ಪಕ್ಕಕ್ಕೆ. ತುದಿಯ ತರಂಗ 2ಬಿ, ಬುಡದ ಹೊಗೆ ಒಂದು! ಆದ್ದರಿಂದ ಹೀಗೆ ಬರೆ: ಜನರೇಟರಿನ ಹೊಗೆ ಕೊಳವೆ ಮನೆಗಳ ಕಡೆಗೆ, ಅಂಗನವಾಡಿಯ ಕಡೆಗೆ ತಿರುಗಿರಬಾರದು. ರಾತ್ರಿ ಸದ್ದು ಇಷ್ಟರೊಳಗೆ ಇರಬೇಕು. ಹಳೇ ಮನೆಯ ತಾರಸಿಯ ಮೇಲೆ ನಿಲ್ಲಿಸುವುದಾದರೆ ಆ ಗೋಡೆ ಭಾರ ಹೊರುತ್ತದೆ ಎಂದು ಎಂಜಿನಿಯರ್ ಬರೆದುಕೊಡಬೇಕು. ಸಿಡಿಲು ತಡೆಯುವ ಸಲಾಕೆ ಮತ್ತು ಅರ್ಥಿಂಗ್ ಸರಿಯಿರಬೇಕು, ಇದು ಲೈನ್‌ಮನ್ನಿನ ಮಾತು, ಮರೆಯಬೇಡ. ಟವರ್ ಶುರುವಾದ ಮೇಲೆ ತರಂಗ ಅಳೆದ ಅಂಕಿಯನ್ನು ಪಂಚಾಯ್ತಿ ಬೋರ್ಡಿನಲ್ಲಿ ಹಾಕಬೇಕು. ಕೇಂದ್ರ ದೂರಸಂಪರ್ಕ ಇಲಾಖೆಯ ತರಂಗ್ ಸಂಚಾರ್ ಎಂಬ ಪೋರ್ಟಲಿನಲ್ಲಿ ಯಾವ ಟವರ್ ನಿಯಮದೊಳಗಿದೆ ಎಂದು ಯಾರು ಬೇಕಾದರೂ ನೋಡಬಹುದು. ಶುಲ್ಕ ಕಟ್ಟಿದರೆ ಬಂದು ಅಳೆದೂ ಕೊಡುತ್ತಾರೆ. ಶುಲ್ಕಕ್ಕೆ ಚಂದಾ ಎತ್ತುವುದಾದರೆ ಮೊದಲ ನೋಟು ನನ್ನದು.

ಭಾನುವಾರ ಬೆಳಗ್ಗೆ ಬಾ, ತಿಂಡಿಗೆ ಮಂಡಕ್ಕಿ ಒಗ್ಗರಣೆ ಮಾಡಲು ಹೇಳಿರುತ್ತೇನೆ. ಆ ಇಬ್ಬರು ಗೆಳೆಯರನ್ನೂ ಕರೆದುಕೊಂಡು ಬಾ, ಬಾಯಿ ತೊಳೆದುಕೊಂಡು ಬರಲು ಹೇಳು. ಒಳಗೆ ಬರುವಾಗ ಎಡಗೋಡೆಯಲ್ಲಿ ಹಲಗೆ ಕಾಣುತ್ತದೆ. ಫೋನು ಅಲ್ಲಿಟ್ಟು, ಬರೀ ಹಾಳೆಯನ್ನು ಒಳಗೆ ತಾ. ಪೆನ್ನು ನನ್ನ ಹತ್ತಿರ ಇದೆ.